ಅಗಸ್ತ್ಯ ಖಳನಾಯಕನೇ?

ತುಲಾ ಸಂಕ್ರಮಣ ಹತ್ತಿರವಾಗುತ್ತಿದ್ದಂತೆ ಕೊಡಗಿನ ಶಾಲೆಗಳಲ್ಲಿ ಕಾವೇರಿಯ ಕಥೆಯನ್ನು ಮಕ್ಕಳಿಂದ ಆಡಿಸುವುದುಂಟು. ಪಾತ್ರ ಹಂಚುವಾಗ ಒಂದು ಪ್ರಶ್ನೆ ಎದ್ದೇ ಏಳುತ್ತದೆ: ಇದರಲ್ಲಿ ವಿಲನ್ ಯಾರು? ಕಾವೇರಿ ಹೀರೋಯಿನ್, ಅದರಲ್ಲಿ ಅನುಮಾನವಿಲ್ಲ. ಅವಳನ್ನು ಕಮಂಡಲದಲ್ಲಿ ಹಿಡಿದಿಟ್ಟವನು ಅವಳ ಗಂಡ, ಋಷಿ ಅಗಸ್ತ್ಯ. ಹಾಗಾದರೆ ಅವನೇ ವಿಲನ್ ಎಂದು ಒಬ್ಬ ಹುಡುಗ ಅಂದರೆ, ಋಷಿಗಳನ್ನು ಹಾಗೆ ಅನ್ನಬಾರದು ಎಂದು ಪಕ್ಕದ ಹುಡುಗಿ ಗದರುತ್ತಾಳೆ. ಆಮೇಲೆ ಆಗುವುದು ಎರಡರಲ್ಲಿ ಒಂದು. ಅಗಸ್ತ್ಯನಿಗೆ ಗಂಟುಮುಖ, ಗಡಸು ದನಿ ಕೊಟ್ಟು ರಾಕ್ಷಸನ ಹಾಗೆ ಮಾಡುತ್ತಾರೆ. ಇಲ್ಲವಾದರೆ ಯಾರ ಮನಸ್ಸಿಗೂ ನೋವಾಗದಿರಲೆಂದು ಅವನನ್ನು ಎಷ್ಟು ಸೌಮ್ಯ ಮಾಡುತ್ತಾರೆಂದರೆ, ಕಾವೇರಿ ಯಾಕೆ ತಪ್ಪಿಸಿಕೊಂಡು ಹರಿದಳು ಎಂಬುದೇ ನೋಡುವವರಿಗೆ ತಿಳಿಯುವುದಿಲ್ಲ. ಎರಡೂ ಸಲ ಕಥೆ ಕೆಡುತ್ತದೆ. ಮಕ್ಕಳ ತಪ್ಪಲ್ಲ, ಮೇಷ್ಟ್ರ ತಪ್ಪೂ ಅಲ್ಲ. ಅವರ ಕೈಗೆ ನಾವು ಕೊಟ್ಟಿರುವ ಪದಗಳೇ ಕಲಸಿಹೋಗಿವೆ.

ನಾಯಕ, ಪ್ರತಿನಾಯಕ, ಖಳನಾಯಕ, ಉಪನಾಯಕ, ದುರಂತನಾಯಕ, ವಿದೂಷಕ. ಪರೀಕ್ಷೆಯ ಉತ್ತರಪತ್ರಿಕೆಯಿಂದ ಹಿಡಿದು ಪುಸ್ತಕ ವಿಮರ್ಶೆಯವರೆಗೆ ಈ ಮಾತುಗಳನ್ನು ನಾವು ಧಾರಾಳವಾಗಿ ಬಳಸುತ್ತೇವೆ. ಇವುಗಳಲ್ಲಿ ಕೆಲವು ಕಥೆಯೊಳಗೆ ಒಬ್ಬನಿಗಿರುವ ಜಾಗವನ್ನು ಹೇಳುತ್ತವೆ, ಕೆಲವು ಅವನ ಗುಣವನ್ನು ಹೇಳುತ್ತವೆ, ಒಂದೆರಡು ಎರಡನ್ನೂ ಒಟ್ಟಿಗೆ ಹೇಳುತ್ತವೆ. ಜಾಗ ಬೇರೆ, ಗುಣ ಬೇರೆ. ಇದೊಂದನ್ನು ಬಿಡಿಸಿಕೊಂಡರೆ ಅಗಸ್ತ್ಯನ ಪ್ರಶ್ನೆಗೆ ಉತ್ತರ ಸಿಗುತ್ತದೆ. ಬಿಡಿಸುವುದು ಸ್ವಲ್ಪ ಕಷ್ಟ, ಯಾಕೆಂದರೆ ಗಂಟು ಹಾಕಿದವರು ಒಬ್ಬರಲ್ಲ.

ಮೂರು ಕಡೆಯಿಂದ ಬಂದ ಮಾತುಗಳು

ಮೊದಲು ‘ನಾಯಕ’. ಸಂಸ್ಕೃತದ ‘ನೀ’ ಧಾತು, ಅಂದರೆ ಒಯ್ಯುವುದು. ಕಥೆಯನ್ನು ಫಲದವರೆಗೆ ಒಯ್ಯುವವನು ನಾಯಕ. ಹತ್ತನೆಯ ಶತಮಾನದ ಧನಂಜಯ ತನ್ನ ದಶರೂಪಕದಲ್ಲಿ ನಾಟಕದ ಮುಖ್ಯ ಕಥೆಗೆ ‘ಆಧಿಕಾರಿಕ’ ಎಂಬ ಹೆಸರು ಕೊಡುತ್ತಾನೆ. ಅಧಿಕಾರ ಎಂದರೆ ಫಲದ ಒಡೆತನ, ಆ ಫಲ ಯಾರದೋ ಅವನು ಅಧಿಕಾರಿ. ಇದು ಬಹಳ ಚೊಕ್ಕವಾದ ಮಾತು. ಯಾರು ಒಳ್ಳೆಯವನು ಎಂದು ಕೇಳುವ ಬದಲು, ಕೊನೆಗೆ ದಕ್ಕುವುದು ಯಾರಿಗೆ ಎಂದು ಕೇಳಿ ಎನ್ನುತ್ತದೆ. ಆದರೆ ಅದೇ ಗ್ರಂಥ ನಾಯಕನ ಗುಣಗಳ ಪಟ್ಟಿಯನ್ನೂ ಕೊಡುತ್ತದೆ: ವಿನೀತ, ಮಧುರ, ತ್ಯಾಗಿ, ದಕ್ಷ, ಪ್ರಿಯಂವದ, ಹೀಗೆ ಉದ್ದಕ್ಕೆ ಸಾಗುತ್ತದೆ. ಅಲ್ಲಿಗೆ ನಮ್ಮ ‘ನಾಯಕ’ ಎಂಬ ಪದಕ್ಕೆ ಹುಟ್ಟಿನಿಂದಲೇ ಎರಡು ಕೆಲಸ. ಕಥೆಯನ್ನು ಒಯ್ಯಬೇಕು, ಒಳ್ಳೆಯವನೂ ಆಗಿರಬೇಕು.

ಗ್ರೀಕರಿಂದ ಇಂಗ್ಲಿಷಿನ ಮೂಲಕ ಬಂದ ‘ಪ್ರೊಟಾಗೊನಿಸ್ಟ್’ಗೆ ಈ ಎರಡನೆಯ ಕೆಲಸ ಇಲ್ಲ. ‘ಪ್ರೋಟೋಸ್’ ಎಂದರೆ ಮೊದಲನೆಯವನು, ‘ಅಗೋನಿಸ್ಟೀಸ್’ ಎಂದರೆ ಸ್ಪರ್ಧಾಳು, ನಟ. ಅಥೆನ್ಸಿನ ರಂಗದಲ್ಲಿ ಮೊದಲನೆಯ ನಟ, ಅಷ್ಟೇ. ಈಸ್ಕಿಲಸ್ ಎರಡನೆಯ ನಟನನ್ನು ತಂದ, ಸೊಫೊಕ್ಲಿಸ್ ಮೂರನೆಯವನನ್ನು ತಂದ ಎಂದು ಅರಿಸ್ಟಾಟಲ್ ಬರೆದಿಟ್ಟಿದ್ದಾನೆ. ಎರಡನೆಯವನು ಡ್ಯೂಟರಾಗೊನಿಸ್ಟ್, ಮೂರನೆಯವನು ಟ್ರೈಟಾಗೊನಿಸ್ಟ್. ಇವು ಸರದಿಯ ಲೆಕ್ಕ. ಇಲ್ಲೇ ಒಂದು ತಪ್ಪು ಬೇರೂರಿದೆ. ‘ಪ್ರೊ’ ಎಂದರೆ ಪರ, ‘ಆಂಟಿ’ ಎಂದರೆ ವಿರೋಧ, ಹಾಗಾಗಿ ಪ್ರೊಟಾಗೊನಿಸ್ಟ್ ನ್ಯಾಯದ ಪರ ನಿಂತವನು, ಆಂಟಾಗೊನಿಸ್ಟ್ ನ್ಯಾಯದ ವಿರೋಧಿ ಎಂದು ಹೇಳಿಕೊಡುವವರಿದ್ದಾರೆ. ಪದವನ್ನು ಒಡೆಯಬೇಕಾದ ಜಾಗ ಅದಲ್ಲ. ಅದು ‘ಪ್ರೊ’ ಅಲ್ಲವೇ ಅಲ್ಲ, ‘ಪ್ರೋಟೋಸ್’. ‘ಆಂಟಿ’ ಮಾತ್ರ ನಿಜ, ಆದರೆ ಅದರ ವಿರೋಧ ನ್ಯಾಯಕ್ಕಲ್ಲ, ಮೊದಲನೆಯವನಿಗೆ. ಕಬಡ್ಡಿಯಲ್ಲಿ ಗೆರೆಯ ಆಚೆ ನಿಂತವನು ಕೆಟ್ಟವನೇನಲ್ಲ, ಆಚೆ ನಿಂತಿದ್ದಾನೆ ಅಷ್ಟೆ.

ಮೂರನೆಯದು ‘ವಿಲನ್’. ಇದರ ಹುಟ್ಟು ಕೇಳಿದರೆ ಕಾಫಿ ತೋಟದ ನಾಡಿನವರಿಗೆ ಸ್ವಲ್ಪ ಇರಿಸುಮುರಿಸಾಗಬೇಕು. ಲ್ಯಾಟಿನ್ನಿನ ‘ವಿಲ್ಲಾನುಸ್’ ಎಂದರೆ ದೊಡ್ಡ ಜಮೀನಿನ ಮನೆಗೆ ಅಂಟಿಕೊಂಡು ದುಡಿಯುವ ಆಳು. ದುಡಿಯುವವನನ್ನು ಒಡೆಯರು ಕೀಳಾಗಿ ಕಂಡು ಕಂಡು, ಆ ಹೆಸರೇ ದುಷ್ಟನಿಗೆ ಹೆಸರಾಯಿತು. ಈ ಪದ ಸಿನಿಮಾದ ದಾರಿಯಲ್ಲಿ ಬಂದು, ‘ಖಳನಾಯಕ’ ಎಂಬ ಕನ್ನಡದ ವೇಷ ತೊಟ್ಟು, ಎಲ್ಲರ ಬಾಯಲ್ಲೂ ಕೂತಿತು. ಖಳ ಎಂಬುದು ನೇರವಾಗಿ ಗುಣದ ಮಾತು. ಕಥೆಯಲ್ಲಿ ಅವನ ಜಾಗ ಎಲ್ಲಿ ಎಂದು ಅದು ಹೇಳುವುದೇ ಇಲ್ಲ.

ಈಗ ಆಂಟಾಗೊನಿಸ್ಟ್‌ಗೆ ಕನ್ನಡ ಬೇಕಾಯಿತು. ಶಾಸ್ತ್ರದಲ್ಲಿ ಸಿದ್ಧವಾಗಿದ್ದ ‘ಪ್ರತಿನಾಯಕ’ನನ್ನು ತಂದು ಕೂರಿಸಿದೆವು. ಪ್ರತಿ ಎಂದರೆ ಎದುರು, ಹಾಗಾಗಿ ಸರಿಯಾಗಿಯೇ ಹೊಂದಿತು ಅನ್ನಿಸುತ್ತದೆ. ಆದರೆ ದಶರೂಪಕ ಪ್ರತಿನಾಯಕನಿಗೆ ಕೊಡುವ ಲಕ್ಷಣ ನೋಡಿ: ಲುಬ್ಧ, ಧೀರೋದ್ಧತ, ಸ್ತಬ್ಧ, ಪಾಪಕೃತ್, ವ್ಯಸನಿ. ಅಂದರೆ ದುರಾಸೆಯವನು, ಸೊಕ್ಕಿನವನು, ಬಗ್ಗದವನು, ಪಾಪ ಮಾಡುವವನು, ಚಟಗಳಿಗೆ ಬಿದ್ದವನು. ಗ್ರೀಕ್ ಪದ ಕೇಳಿದ್ದು ಎದುರು ನಿಲ್ಲುವುದನ್ನು ಮಾತ್ರ. ನಾವು ಕೊಟ್ಟ ಪದ ಅದರ ಜೊತೆಗೆ ಇಷ್ಟೂ ದೋಷಗಳನ್ನು ಹೊತ್ತು ತಂದಿತು. ಅಗಸ್ತ್ಯನಿಗೆ ಗಂಟುಮುಖ ಬಂದದ್ದು ಇಲ್ಲಿಂದ.

ಸಾಲದ್ದಕ್ಕೆ ‘ಆಂಟಿಹೀರೋ’ ಎಂಬುದಕ್ಕೂ ಕೆಲವರು ಪ್ರತಿನಾಯಕ ಎಂದೇ ಬರೆಯುತ್ತಾರೆ. ಅದು ಪೂರಾ ಬೇರೆ ಸಂಗತಿ. ಆಂಟಿಹೀರೋ ಕಥೆಯ ನಡುವೆಯೇ ಇರುವವನು, ಮೊದಲನೆಯವನೇ. ನಾಯಕನಿಗೆ ಇರಬೇಕೆಂದು ನಾವು ಬಯಸುವ ಧೈರ್ಯ, ಔದಾರ್ಯ, ಗುರಿ ಅವನಲ್ಲಿ ಇರುವುದಿಲ್ಲ. ಅವನು ಯಾರ ಎದುರಾಳಿಯೂ ಅಲ್ಲ. ಒಂದೇ ಪದವನ್ನು ನಾಯಕನ ಎದುರು ನಿಲ್ಲುವವನಿಗೂ, ನಾಯಕನ ಜಾಗದಲ್ಲೇ ಕೂತವನಿಗೂ ಬಳಸಿದರೆ ಓದುವವನು ಏನು ತಿಳಿಯಬೇಕು? ‘ನಾಯಕಗುಣವಿಲ್ಲದ ನಾಯಕ’ ಎಂದು ಬಿಡಿಸಿ ಹೇಳುವುದೇ ಲೇಸು. ಉದ್ದವಾದರೂ ತೊಂದರೆಯಿಲ್ಲ.

ಎದುರಾಳಿಗೆ ಒಳ್ಳೆಯ ಪದ ಯಕ್ಷಗಾನದವರ ಹತ್ತಿರವೇ ಇದೆ. ಸಂಪಾಜೆ ಘಾಟಿ ಇಳಿದರೆ ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಸೀಮೆ. ಅಲ್ಲಿ ‘ಎದುರು ವೇಷ’ ಎನ್ನುತ್ತಾರೆ. ಎದುರಿಗೆ ನಿಂತು ಮಾತಿಗೆ ಮಾತು, ಹೆಜ್ಜೆಗೆ ಹೆಜ್ಜೆ ಕೊಡುವವನು. ರಾಕ್ಷಸ ಸ್ವಭಾವವನ್ನು ತೋರಿಸಲು ಅವರಿಗೆ ‘ಬಣ್ಣದ ವೇಷ’ ಎಂಬ ಬೇರೆಯೇ ಮಾತಿದೆ. ಜಾಗಕ್ಕೊಂದು ಹೆಸರು, ಗುಣಕ್ಕೊಂದು ಹೆಸರು. ಬಣ್ಣ ಹಚ್ಚುವ ಚೌಕಿಯಲ್ಲಿ ಕೂತವರಿಗೆ ಇರುವ ಈ ವಿವೇಕ ನಮ್ಮ ಪಠ್ಯಗಳಿಗೂ ಬರಬೇಕು ಎಂಬುದು ನನ್ನ ಮನಸ್ಸಿನ ಮಾತು.

ಚಿಕವೀರರಾಜೇಂದ್ರನ ಸುತ್ತ ನಿಂತವರು

ಈ ಎರಡು ಹೆಸರನ್ನು ಬೇರೆ ಮಾಡಿಕೊಂಡರೆ ಏನು ಲಾಭ ಎಂದು ಕೇಳುವವರಿಗೆ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ಕ್ಕಿಂತ ಒಳ್ಳೆಯ ಉದಾಹರಣೆ ಕೊಡಗಿನವರಿಗೆ ಬೇಕಿಲ್ಲ. 1834ರಲ್ಲಿ ಕೊಡಗು ಇಂಗ್ಲಿಷರ ಕೈಗೆ ಹೋದ ಕಥೆ ಅದು. ಹೆಸರಿನಲ್ಲೇ ಅರಸನಿದ್ದಾನೆ, ಕಥೆ ಅವನ ಸುತ್ತಲೇ ಸುತ್ತುತ್ತದೆ, ಉಳಿಸಿಕೊಳ್ಳಬೇಕಾದದ್ದು ಅವನ ಗದ್ದುಗೆ, ಕಳೆದುಕೊಳ್ಳುವವನೂ ಅವನೇ. ಜಾಗದ ಲೆಕ್ಕದಲ್ಲಿ ಅವನೇ ಮೊದಲನೆಯವನು. ಗುಣದ ಲೆಕ್ಕ ತೆಗೆದರೆ ಕುಡಿತ, ಕ್ರೌರ್ಯ, ಹೆಣ್ಣಿನ ಹುಚ್ಚು. ಇಂಥವನನ್ನು ‘ನಾಯಕ’ ಎಂದು ಬರೆಯಲು ಕೈ ಹಿಂಜರಿಯುತ್ತದೆ. ಹಾಗೆ ಹಿಂಜರಿದವರು ನಾಯಕನಿಗಾಗಿ ಹುಡುಕಾಡಿ ಮಂತ್ರಿ ಬೋಪಣ್ಣನ ಹತ್ತಿರ ಬರುತ್ತಾರೆ. ನಾಡಿನ ಮೇಲೆ ಪ್ರೀತಿ ಇರುವವನು, ನೇರ ಮನುಷ್ಯ. ಬೋಪಣ್ಣ ನಾಯಕ, ಅರಸ ಖಳನಾಯಕ ಎಂದು ಬರೆದು ಕೈತೊಳೆದುಕೊಂಡರೆ ಆ ಕಾದಂಬರಿಯ ನೋವೆಲ್ಲ ಸೋರಿಹೋಗುತ್ತದೆ.

ಎರಡು ಕಂಬ ಹಾಕಿ ನೋಡಿ. ಮೊದಲ ಕಂಬದಲ್ಲಿ ಜಾಗ: ಅರಸ ಮೊದಲನೆಯವನು, ಬೋಪಣ್ಣ ಅವನ ಎದುರಾಳಿ, ಕುಂಟ ಬಸವ ಅರಸನ ಒತ್ತಾಸೆಗೆ ನಿಂತವನು. ಎರಡನೆಯ ಕಂಬದಲ್ಲಿ ಗುಣ: ಅರಸ ಕೆಟ್ಟವನು, ಬೋಪಣ್ಣ ಒಳ್ಳೆಯವನು, ಬಸವ ಕೇಡಿಗೆ ಕೈಜೋಡಿಸಿದವನು. ಈಗ ಕಾಣುವುದೇನು? ಇಲ್ಲಿ ಎದುರಾಳಿ ಸಜ್ಜನ. ಖಳ ಅನ್ನಿಸಿಕೊಳ್ಳುವ ಬಸವ ಮೊದಲನೆಯವನ ಎದುರಿಗಿಲ್ಲ, ಅವನ ಪಕ್ಕದಲ್ಲೇ ಇದ್ದಾನೆ. ಒಳ್ಳೆಯವನೊಬ್ಬ ತನ್ನ ಅರಸನಿಗೆ ಎದುರು ನಿಲ್ಲಬೇಕಾಗಿ ಬಂದದ್ದು, ನಾಡನ್ನು ಉಳಿಸಲು ಹೊರಗಿನವರಿಗೆ ಬಾಗಿಲು ತೆರೆಯಬೇಕಾಗಿ ಬಂದದ್ದು, ಈ ಸಂಕಟವೇ ಕಥೆಯ ತಿರುಳು. ಖಳನಾಯಕ ಎಂಬ ಒಂದೇ ಡಬ್ಬಿಯಲ್ಲಿ ಎದುರಾಳಿಯನ್ನೂ ದುಷ್ಟನನ್ನೂ ತುಂಬುವವರಿಗೆ ಅದು ಕಣ್ಣಿಗೇ ಬೀಳುವುದಿಲ್ಲ.

ಎದುರು ನಿಲ್ಲುವುದಕ್ಕೆ ಮನುಷ್ಯನೇ ಆಗಬೇಕೆಂದೂ ಇಲ್ಲ. ಹಲಸು ಹಣ್ಣಾಗುವ ಹೊತ್ತಿಗೆ ತೋಟಕ್ಕೆ ಇಳಿಯುವ ಕಾಡಾನೆ, ಕಾಫಿ ಹೂವರಳಿಸುವ ಹೂಮಳೆಗೆ ಕಾದು ಕೂತವರಿಗೆ ಬಾರದೆ ಹೋದ ಮೋಡ, ಇವೂ ಎದುರಾಳಿಗಳೇ. ಆನೆಯನ್ನು ಖಳನಾಯಕ ಎಂದರೆ ತಪ್ಪು. ಅದಕ್ಕೆ ಹಸಿವು, ದಾರಿ, ಮರಿ ಇವೆ. ಕೇಡಿನ ಬುದ್ಧಿ ಇಲ್ಲ.

ಗುರಿ ತಪ್ಪಿದ ಗುಂಡು

ದುರಂತನಾಯಕ ಎಂಬ ಮಾತು ಇನ್ನೂ ಹೆಚ್ಚು ಪೆಟ್ಟು ತಿಂದಿದೆ. ಗುಡ್ಡ ಕುಸಿದರೂ ದುರಂತ, ಬಸ್ಸು ಉರುಳಿದರೂ ದುರಂತ ಎಂದು ಓದಿ ರೂಢಿಯಾದ ಮೇಲೆ, ಕೊನೆಯಲ್ಲಿ ಸತ್ತವನೆಲ್ಲ ದುರಂತನಾಯಕ ಎಂದಾಗಿದೆ. ಬಿ.ಎಂ.ಶ್ರೀ. ಟ್ರ್ಯಾಜಿಡಿಗೆ ‘ರುದ್ರನಾಟಕ’ ಎಂಬ ಹೆಸರು ಬಳಸಿದರು. ಅದು ಉಳಿದಿದ್ದರೆ ಈ ಗೊಂದಲ ಇಷ್ಟು ಆಗುತ್ತಿರಲಿಲ್ಲವೇನೋ.

ಅರಿಸ್ಟಾಟಲ್ ಹೇಳಿದ್ದು ಇದು. ತುಂಬ ಒಳ್ಳೆಯವನು ಬಿದ್ದರೆ ನಮಗೆ ಜುಗುಪ್ಸೆಯಾಗುತ್ತದೆ, ತುಂಬ ಕೆಟ್ಟವನು ಬಿದ್ದರೆ ಮರುಕ ಹುಟ್ಟುವುದಿಲ್ಲ. ಇವೆರಡರ ನಡುವಿನವನು, ಎತ್ತರದಲ್ಲಿ ಇದ್ದವನು, ಒಂದು ‘ಹಮಾರ್ಟಿಯ’ದಿಂದ ಬೀಳಬೇಕು. ಈ ಹಮಾರ್ಟಿಯವನ್ನು ‘ಸ್ವಭಾವದೋಷ’ ಎಂದು ಅನುವಾದಿಸಿ, ಪ್ರತಿಯೊಬ್ಬ ದುರಂತನಾಯಕನಿಗೂ ಒಂದೊಂದು ದೋಷ ಹುಡುಕಿ ಅಂಟಿಸುವ ರೂಢಿಯಿದೆ. ಇವನಿಗೆ ಅಹಂಕಾರ, ಅವನಿಗೆ ಸಂಶಯ, ಇನ್ನೊಬ್ಬನಿಗೆ ಆಸೆ. ಆದರೆ ಆ ಗ್ರೀಕ್ ಪದದ ಬೇರಿನಲ್ಲಿರುವುದು ಗುರಿ ತಪ್ಪುವುದು. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೋಳ್ದಿನ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕೋವಿ ಸರಿಯಿದೆ, ಕೈ ಪಳಗಿದೆ, ಕಣ್ಣು ನೆಟ್ಟಿದೆ, ಆದರೂ ಒಂದು ಕೂದಲೆಳೆಯಲ್ಲಿ ಗುಂಡು ಪಕ್ಕಕ್ಕೆ ಹೋಗುತ್ತದೆ. ಹೊಡೆದವನನ್ನು ಯಾರೂ ಪಾಪಿ ಎನ್ನುವುದಿಲ್ಲ. ಕಾಯಿ ಮಾತ್ರ ಅಲ್ಲೇ ತೂಗುತ್ತಿರುತ್ತದೆ. ಗುರಿ ಇಟ್ಟು ಮಾಡಿದ ಕೆಲಸ, ತಿಳಿಯದೆ ಆದ ತಪ್ಪು, ತಿರುಗಿ ಹೋಗಲಾಗದ ಫಲ, ಈ ಮೂರೂ ಕೂಡಬೇಕು.

ರನ್ನನ ದುರ್ಯೋಧನನನ್ನು ನಾವು ಮರೆಯದಿರುವುದಕ್ಕೂ ಇಲ್ಲಿ ಕಾರಣವಿದೆ. ಕಾವ್ಯದ ಹೆಸರೇ ಸಾಹಸಭೀಮ ವಿಜಯ. ಭೀಮನೇ ನಾಯಕ, ತನ್ನ ಒಡೆಯ ಸತ್ಯಾಶ್ರಯನನ್ನು ಕವಿ ಅವನಿಗೇ ಹೋಲಿಸಿದ್ದಾನೆ. ಫಲವೂ ಭೀಮನದೇ. ಆದರೆ ಕವಿಯ ಕಣ್ಣು ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನನ ಬೆನ್ನು ಬಿಡುವುದಿಲ್ಲ. ಕೊನೆಗೆ ಕೊಳದೊಳಗೆ ಅಡಗಿ ಕೂತವನು ಭೀಮನ ಗರ್ಜನೆ ಕೇಳಿ ‘ನೀರೊಳಗಿರ್ದುಂ ಬೆಮರ್ದನ್’, ನೀರಿನೊಳಗಿದ್ದೂ ಬೆವರಿದ. ಆ ಬೆವರು ಭಯದ್ದಲ್ಲ, ಸಿಟ್ಟಿನದು, ಮಾನದ್ದು. ಅಡಗಿದ್ದರೆ ಬದುಕುತ್ತಿದ್ದ. ಎದ್ದು ಬಂದ. ಅಲ್ಲಿ ಶಾಸ್ತ್ರದ ನಾಯಕ ಒಬ್ಬ, ಓದುಗರ ಮನಸ್ಸಿನಲ್ಲಿ ನಿಲ್ಲುವವನು ಇನ್ನೊಬ್ಬ. 941ರ ಪಂಪನಲ್ಲೂ ಹೀಗೇ ಆಯಿತು. ಅರ್ಜುನನನ್ನು ನಾಯಕನನ್ನಾಗಿ ಮಾಡಿ, ಅವನಲ್ಲಿ ಅರಿಕೇಸರಿಯನ್ನು ಕಂಡ ಕವಿಯೇ, ಒಬ್ಬನನ್ನೇ ನೆನೆಯುವುದಾದರೆ ಕರ್ಣನನ್ನು ನೆನೆ ಎಂದು ಬರೆದ. ನಾಯಕ ಯಾರು ಎಂಬುದೂ, ಯಾರನ್ನು ಪ್ರೀತಿಸುತ್ತೇವೆ ಎಂಬುದೂ ಎರಡು ಪ್ರಶ್ನೆಗಳು ಎಂದು ನಮ್ಮ ಹಳೆಯ ಕವಿಗಳಿಗೆ ಚೆನ್ನಾಗಿ ಗೊತ್ತಿತ್ತು.

ವಿದೂಷಕನನ್ನು ತೆಗೆದರೆ

ಕಾಳಿದಾಸನ ಶಾಕುಂತಲವನ್ನು ಆಡಿಸುವಾಗ ಸಮಯ ಸಾಲದು ಎಂದು ಮೊದಲು ಕತ್ತರಿ ಬೀಳುವುದು ವಿದೂಷಕನಿಗೆ. ಹಾಸ್ಯ ತಾನೇ, ಹೋದರೆ ಹೋಗಲಿ. ಈ ಕತ್ತರಿ ಎಲ್ಲಿ ತಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಎರಡನೆಯ ಅಂಕದಲ್ಲಿ ದುಷ್ಯಂತ ತನ್ನ ಪ್ರೇಮವನ್ನು ಹೇಳಿಕೊಳ್ಳುವುದು ವಿದೂಷಕ ಮಾಧವ್ಯನ ಹತ್ತಿರ ಮಾತ್ರ. ಅಷ್ಟರಲ್ಲಿ ಅರಮನೆಯಿಂದ ತಾಯಿಯ ಕರೆ ಬರುತ್ತದೆ, ಇತ್ತ ಋಷಿಗಳೂ ರಕ್ಷಣೆಗೆ ಕರೆದಿದ್ದಾರೆ. ರಾಜ ತನ್ನ ಬದಲಿಗೆ ಮಾಧವ್ಯನನ್ನು ಊರಿಗೆ ಕಳಿಸುತ್ತಾನೆ. ಕಳಿಸುವಾಗ ಅವನಿಗೆ ಅಳುಕು: ಇವನ ಬಾಯಿ ನಿಲ್ಲದು, ಅಂತಃಪುರದಲ್ಲಿ ಹೇಳಿಬಿಟ್ಟಾನು. ಅದಕ್ಕೆ, ನಾನು ಆ ಹುಡುಗಿಯ ಬಗ್ಗೆ ಹೇಳಿದ್ದೆಲ್ಲ ತಮಾಷೆಗೆ, ನಿಜವೆಂದುಕೊಳ್ಳಬೇಡ ಎನ್ನುತ್ತಾನೆ. ಐದನೆಯ ಅಂಕದಲ್ಲಿ ಶಕುಂತಲೆ ಆಸ್ಥಾನಕ್ಕೆ ಬರುವ ತುಸು ಮೊದಲು, ಮುನಿಸಿಕೊಂಡ ರಾಣಿ ಹಂಸಪದಿಕೆಯನ್ನು ಸಮಾಧಾನ ಮಾಡು ಎಂದು ಮತ್ತೆ ಇವನನ್ನು ಹೊರಗೆ ಕಳಿಸಲಾಗುತ್ತದೆ. ಹೀಗೆ ಶಾಪದಿಂದ ರಾಜ ಮರೆತಾಗ, ನೆನಪಿಸಬಲ್ಲ ಒಬ್ಬನೇ ಒಬ್ಬ ಅಲ್ಲಿಲ್ಲ. ಆರನೆಯ ಅಂಕದಲ್ಲಿ ಉಂಗುರ ಸಿಕ್ಕ ಮೇಲೆ ರಾಜ ಕೇಳುತ್ತಾನೆ, ನೀನಾದರೂ ಯಾಕೆ ಹೇಳಲಿಲ್ಲ? ತಮಾಷೆ ಎಂದು ನೀನೇ ಹೇಳಿದೆಯಲ್ಲ, ಮಣ್ಣುಮುದ್ದೆಯಂಥ ನನ್ನ ಬುದ್ಧಿ ಅದನ್ನು ನಂಬಿತು ಎಂಬುದು ಉತ್ತರ. ಇವನನ್ನು ತೆಗೆದುಬಿಟ್ಟರೆ ರಾಜ ತನ್ನ ಮನಸ್ಸನ್ನು ಹೇಳಿಕೊಳ್ಳಲು ಯಾರೂ ಇಲ್ಲ, ಸುಳ್ಳು ಹೇಳಿದ್ದೂ ಇಲ್ಲ, ಆ ಸುಳ್ಳು ತಿರುಗಿ ಅವನನ್ನೇ ಇರಿದದ್ದೂ ಇಲ್ಲ. ಉಳಿಯುವುದು ಶಾಪ ಒಂದೇ. ವಿದೂಷಕ ಎಂದರೆ ನಗಿಸುವವನು ಎಂಬ ಅರ್ಧ ಅರ್ಥದಿಂದ ಇಷ್ಟು ನಷ್ಟ.

ಅಂದ ಹಾಗೆ, ಇಡೀ ಶಾಕುಂತಲದಲ್ಲಿ ಖಳನಾಯಕನೇ ಇಲ್ಲ. ದೂರ್ವಾಸ ರಂಗಕ್ಕೆ ಬರುವುದೂ ಇಲ್ಲ, ತೆರೆಯ ಹಿಂದಿನಿಂದ ದನಿ ಮಾತ್ರ. ಖಳನಿಲ್ಲದೆ ಕಥೆ ನಡೆಯದು ಎನ್ನುವವರು ಇದನ್ನು ಮತ್ತೊಮ್ಮೆ ಓದಬೇಕು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಸೂತ್ರಧಾರ ನಾಟಕದ ಆರಂಭದಲ್ಲಿ ಬಂದು ಆಟಕ್ಕೆ ಚಾಲನೆ ಕೊಟ್ಟು ಹೋಗುವವನು. ‘ಕಳ್ಳತನದ ಸೂತ್ರಧಾರ’ ಎಂದು ಪತ್ರಿಕೆಗಳು ಬರೆಯುವುದು ಬೇರೆ ಬಳಕೆ. ಉಪನಾಯಕ ಎಂದರೆ ನಾಯಕನ ಜೊತೆಗಾರರೆಲ್ಲ ಅಲ್ಲ. ಶಾಸ್ತ್ರ ಹೇಳುವ ಪತಾಕಾನಾಯಕನಿಗೆ ತನ್ನದೇ ಒಂದು ಕಥೆ ಇರುತ್ತದೆ. ಸುಗ್ರೀವನಿಗೆ ಕಳೆದುಕೊಂಡ ರಾಜ್ಯವಿದೆ, ಹೆಂಡತಿಯಿದ್ದಾಳೆ, ಅದನ್ನು ಪಡೆಯುತ್ತ ರಾಮನಿಗೂ ನೆರವಾಗುತ್ತಾನೆ. ಲಕ್ಷ್ಮಣ ಎಷ್ಟು ದೊಡ್ಡವನಾದರೂ ರಾಮನ ಕಥೆಯಿಂದ ಹೊರಗೆ ಅವನಿಗೆ ಬೇರೆ ಫಲವಿಲ್ಲ. ಇನ್ನು ಇಂಗ್ಲಿಷಿನ ‘ಫಾಯಿಲ್’. ಇದನ್ನು ವಿರೋಧಿ ಎಂದುಕೊಳ್ಳುವವರೇ ಹೆಚ್ಚು. ಹಳೆಯ ಒಡವೆಗಳಲ್ಲಿ ಹರಳಿನ ಹಿಂದೆ ಹೊಳಪಿಗೆಂದು ಇಡುತ್ತಿದ್ದ ತೆಳು ತಗಡು ಅದು. ಪಕ್ಕದಲ್ಲಿದ್ದು ಇನ್ನೊಬ್ಬರ ಬಣ್ಣ ಎದ್ದು ಕಾಣುವಂತೆ ಮಾಡುವ ಪಾತ್ರ. ರಾವಣನಿಗೆ ತಪ್ಪು ತೋರಿಸಿದ ತಮ್ಮಂದಿರು ಇಬ್ಬರು. ವಿಭೀಷಣ ಬಿಟ್ಟು ಹೋದ, ಕುಂಭಕರ್ಣ ಉಳಿದು ಹೋರಾಡಿ ಸತ್ತ. ಒಬ್ಬನ ಪಕ್ಕದಲ್ಲಿ ಇನ್ನೊಬ್ಬನನ್ನು ಇಟ್ಟಾಗಲೇ ಇಬ್ಬರೂ ಪೂರ್ತಿ ಕಾಣುವುದು. ಅವರಲ್ಲಿ ಜಗಳವಿರಬೇಕೆಂದಿಲ್ಲ.

ಬರೆಯುವವರಿಗೆ, ಆಡಿಸುವವರಿಗೆ

ಹೊಸದಾಗಿ ಕಥೆ ಬರೆಯುವವರ ಹಸ್ತಪ್ರತಿಗಳಲ್ಲಿ ಕಾಣುವ ಸಾಮಾನ್ಯ ತೊಂದರೆ ಒಂದೇ: ಗುಣವನ್ನು ಮೊದಲು ಗೊತ್ತು ಮಾಡಿ, ಆಮೇಲೆ ಜಾಗ ಕೊಡುತ್ತಾರೆ. ಕಾಫಿ ತೋಟ ಮಾರಬೇಕೆನ್ನುವ ಅಣ್ಣ, ಬೇಡವೆನ್ನುವ ತಂಗಿ ಎಂದಿಟ್ಟುಕೊಳ್ಳಿ. ತಂಗಿ ಒಳ್ಳೆಯವಳು ಎಂದು ಮೊದಲೇ ತೀರ್ಮಾನವಾಗಿದ್ದರೆ ಅಣ್ಣ ಮೂರನೆಯ ಪುಟಕ್ಕೇ ಕುಡುಕನಾಗುತ್ತಾನೆ, ಐದನೆಯ ಪುಟಕ್ಕೆ ಸಹಿ ಫೋರ್ಜರಿ ಮಾಡುತ್ತಾನೆ. ಅಲ್ಲಿಗೆ ಓದುಗನಿಗೆ ಯೋಚಿಸಲು ಏನೂ ಉಳಿಯುವುದಿಲ್ಲ.

ಬದಲಿಗೆ, ಕಥೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ: ಯಾರಿಗೆ ಏನು ಬೇಕು, ಕೊನೆಗೆ ಸಿಕ್ಕಿತೇ, ತಪ್ಪಿತೇ. ಆ ವಾಕ್ಯದ ಕರ್ತೃ ಮೊದಲನೆಯ ಪಾತ್ರ. ಯಾರನ್ನು ತೆಗೆದರೆ ಅವರಿಗೆ ಬೇಕಾದದ್ದು ಎರಡನೆಯ ಪುಟದಲ್ಲೇ ಸಿಕ್ಕಿಬಿಡುತ್ತದೋ ಅವರು ಎದುರಾಳಿ. ಇಷ್ಟಾದ ಮೇಲೆ, ಬೇರೆ ಹಾಳೆಯಲ್ಲಿ, ಒಬ್ಬೊಬ್ಬರ ಗುಣ ಬರೆಯಿರಿ. ಎದುರಾಳಿಯ ಹೆಸರಿನ ಮುಂದೆ ಅವನ ಬೇಡಿಕೆಗೆ ಒಂದಾದರೂ ನ್ಯಾಯವಾದ ಕಾರಣ ಬರೆಯಲಾಗದಿದ್ದರೆ ಕಥೆ ಇನ್ನೂ ಬೆಂದಿಲ್ಲ. ಅಣ್ಣನಿಗೆ ಬ್ಯಾಂಕ್ ಸಾಲ ಇದೆಯೇ? ಮಗಳ ಓದು ಇದೆಯೇ? ಕೆಲಸದವರು ಸಿಗದೆ ಎರಡು ವರ್ಷ ಹಣ್ಣು ಗಿಡದಲ್ಲೇ ಉದುರಿತೇ? ಕೊನೆಯದಾಗಿ, ಅದೇ ಕಥೆಯನ್ನು ಅಣ್ಣನ ಕಡೆಯಿಂದ ಒಂದು ಪುಟ ಬರೆದು ನೋಡಿ. ಈಗ ತಂಗಿ ಎದುರಾಳಿ. ಜಾಗ ಅದಲುಬದಲಾಯಿತು, ಯಾರ ಗುಣವೂ ಬದಲಾಗಲಿಲ್ಲ.

ಕಾವೇರಿಯ ಕಥೆಗೆ ಇದನ್ನೇ ಹಚ್ಚಿದರೆ ಹೀಗಾಗುತ್ತದೆ. ಕಾವೇರಿಗೆ ಬೇಕಾದದ್ದು ಹರಿಯುವುದು. ತಡೆ ಕಮಂಡಲ, ಅದರ ಒಡೆಯ ಅಗಸ್ತ್ಯ. ಹಾಗಾಗಿ ಅವನು ಎದುರಾಳಿ. ಗುಣದ ಹಾಳೆಯಲ್ಲಿ ಅವನು ತಪಸ್ವಿ, ಹೆಂಡತಿಯನ್ನು ಪ್ರೀತಿಸುವವನು, ಒಂಟಿಯಾಗಿ ಬಿಡುವುದಿಲ್ಲ ಎಂದು ಮಾತು ಕೊಟ್ಟವನು. ಖಳನಲ್ಲ. ಒಂದು ಬೆಳಿಗ್ಗೆ ಕಮಂಡಲವನ್ನು ಶಿಷ್ಯರ ಕಾವಲಿಗೆ ಬಿಟ್ಟು ಕನ್ನಿಕೆ ಹೊಳೆಗೆ ಸ್ನಾನಕ್ಕೆ ಹೋದ, ಅಷ್ಟೆ. ಆ ಹೊತ್ತನ್ನು ಅಗಸ್ತ್ಯನ ಕಡೆಯಿಂದ ಬರೆದರೆ, ಕೊಟ್ಟ ಮಾತಿನಲ್ಲಿ ಒಂದು ಕೂದಲೆಳೆ ತಪ್ಪಿ ಎಲ್ಲವನ್ನೂ ಕಳೆದುಕೊಂಡವನ ಕಥೆ ಸಿಗುತ್ತದೆ. ಶಾಲೆಯ ನಾಟಕದಲ್ಲಿ ಅವನಿಗೆ ಗಂಟುಮುಖ ಬೇಡ. ಒದ್ದೆ ಬಟ್ಟೆಯಲ್ಲಿ ಓಡಿ ಬಂದು ಬರಿದಾದ ಕಮಂಡಲವನ್ನು ಎತ್ತಿ ನೋಡಲಿ, ಸಾಕು.

ನದಿ ಮುಂದೆ ಹರಿದು ಬರುವ ಬಲಮುರಿ ಎಂಬ ಊರಿನ ದೃಶ್ಯವನ್ನೂ ಬಿಡದೆ ಆಡಿಸಿ. ಅಲ್ಲಿ ಕಾವೇರಿಗೆ ಅಡ್ಡ ನಿಂತವರು ಅವಳ ಮೇಲೆ ಎಲ್ಲರಿಗಿಂತ ಹೆಚ್ಚು ಆಸೆ ಇಟ್ಟುಕೊಂಡಿದ್ದ ಕೊಡವರೇ, ಹೋಗಬೇಡ ತಾಯಿ ಎಂದು. ಆ ಗಳಿಗೆಯ ಮಟ್ಟಿಗೆ ಅವರೂ ಎದುರಾಳಿಗಳು. ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಮುಂದಿನಿಂದ ಹಿಂದಕ್ಕೆ ಹೋಯಿತು ಎನ್ನುತ್ತದೆ ಕಥೆ. ರಂಗದ ಮೇಲೆ ಈ ಭಾಗಕ್ಕೆ ನಾಲ್ಕೈದು ಹುಡುಗಿಯರು ಬೇಕು. ಸೀರೆಯನ್ನು ಮೊದಲು ನೆರಿಗೆ ಮುಂದೆ ಬರುವಂತೆ ಉಡಿಸಿ, ನದಿ ಹಾದುಹೋಗುವಾಗ ಅವರು ಪ್ರೇಕ್ಷಕರಿಗೆ ಬೆನ್ನು ಮಾಡಿ, ತಿರುಗಿ ನಿಲ್ಲುವಷ್ಟರಲ್ಲಿ ನೆರಿಗೆ ಹಿಂದೆ ಸಿಕ್ಕಿರಬೇಕು. ಎರಡು ದಿನ ಅಭ್ಯಾಸ ಮಾಡಿಸಿದರೆ ಬರುತ್ತದೆ.